ಇಲಿಯ ಕೆಳಗೆ ಚಂದ್ರ

ಅಕ್ಟೋಬರ್ 22, ಸೋಮವಾರ

ಹೆಂಡತಿ ಲೊರ್ನಾ ಹತ್ತಿದ ಹಡಗು ಶನಿವಾರ ಹೋಬಾರ್ಟಿನಿಂದ ಹೊರಟಿತು. ಅಂಟಾರ್ಟಿಕಾದ ಸಂಶೋಧನಾ ನಿಲ್ದಾಣದಲ್ಲಿ ಎಪ್ಪತ್ತು ಜನಕ್ಕೆ ಅಡುಗೆ ಮಾಡಿ ಹಾಕಿ, ಮಾರ್ಚಿಗೆ ವಾಪಸು. ಹತ್ತು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದಳು. ಕೊನೆಗೂ ಸಿಕ್ಕಿದಾಗ ‘ಹೋಗಿ ಬಾ, ನಾನಿದ್ದೀನಲ್ಲ’ ಎಂದವನು ನಾನೇ.

ಈ ನೋಟ್‌ಬುಕ್ಕನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಹೋಗಿದ್ದಾಳೆ. ಮೊದಲ ಪುಟದಲ್ಲಿ ಅವಳದೇ ಅಕ್ಷರ: ‘ವೆಸ್, ಸ್ಕೂಲಿನವರು ಮೆರಿನ್ ಬಗ್ಗೆ ಏನು ಹೇಳಿದರೂ ತಾರೀಖು ಹಾಕಿ ಬರೆದಿಡು. ನಿನ್ನ ನೆನಪನ್ನು ನಂಬಬೇಡ.’

ಹಾಗಾಗಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಬಸ್ಸಿನಿಂದ ಮಕ್ಕಳನ್ನು ಇಳಿಸುತ್ತಿದ್ದಾಗ ಪ್ರಿನ್ಸಿಪಾಲ್ ಗ್ಲೆನಿಸ್ ಬಾಗಿಲಿಗೇ ಬಂದಳು. ಇದೇ ಸ್ಕೂಲಿನಲ್ಲಿ ನನಗಿಂತ ಎರಡು ಕ್ಲಾಸು ಮುಂದಿದ್ದವಳು. ಆಗಲೂ ಕೈಯಲ್ಲಿ ಯಾವುದಾದರೂ ಪಟ್ಟಿ ಇರುತ್ತಿತ್ತು.

“ವೆಸ್, ಮೆರಿನ್‌ದು ಹೊಸ ಕಲಿಕಾ ಯೋಜನೆ. ಒಂದು ಸಹಿ ಹಾಕ್ಬಿಡು. ಮಾಮೂಲಿ ಕಾಗದ.”

ಹಿಂದೆ ಮಕ್ಕಳು ನೂಕಾಡುತ್ತಿದ್ದರು. ಸ್ಟಿಯರಿಂಗ್ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ಒಂದು ಪ್ರತಿ ನನಗೂ ಕೊಟ್ಟಳು. ಲೊರ್ನಾಗೆ ಹಡಗಿನಲ್ಲಿ ವಾಂತಿ ಆಯಿತೇ ಎಂದು ವಿಚಾರಿಸಿದಳು. ಒಳ್ಳೆಯ ಹೆಂಗಸು.

ಸಂಜೆ ಮೀನು ಹುರಿದು, ‘ಮೆರಿನ್, ಊಟ’ ಎಂದು ಜೋರಾಗಿ ಕೂಗಿದೆ. ಹುಟ್ಟಿನಿಂದ ಕಿವಿ ಕೇಳದ ಮಗಳು. ಒಂಬತ್ತು ವರ್ಷವಾದರೂ ನನಗೆ ಕೂಗುವ ಚಾಳಿ ಹೋಗಿಲ್ಲ. ಕೊನೆಗೆ ಕೋಣೆಗೆ ಹೋಗಿ ದೀಪ ಹಾಕಿ ಆರಿಸಿ ಕರೆದೆ. ಊಟ ಮಾಡುತ್ತ ಏನೋ ಉದ್ದಕ್ಕೆ ಹೇಳಿದಳು. ನನ್ನ ಕೈಗೆ ಬರುವುದು ಊಟ, ನೀರು, ಬೂಟು, ಬಸ್ಸು, ಮಲಗು, ಚೆನ್ನಾಗಿದೆ, ಇಷ್ಟೇ. ಮಿಕ್ಕದ್ದಕ್ಕೆಲ್ಲ ಲೊರ್ನಾ ಇದ್ದಳು. ‘ಚೆನ್ನಾಗಿದೆ’ ಎಂದೆ. ಒಂದು ಕ್ಷಣ ನನ್ನನ್ನೇ ನೋಡಿ, ಮೀನು ತಿಂದಳು.

ಅಕ್ಟೋಬರ್ 25, ಗುರುವಾರ

ಲೊರ್ನಾ ಹಡಗಿನಿಂದ ಫೋನ್ ಮಾಡಿದ್ದಳು. ಮಾತಿನ ನಡುವೆ ಸಮುದ್ರದ ಗೊರಗೊರ. ಗ್ಲೆನಿಸ್ ಕೊಟ್ಟ ಪ್ರತಿಯನ್ನು ಓದು ಎಂದಳು. ಓದಿದೆ. ಮೊದಲ ಸಲ ನಾನೂ ಓದಿದ್ದು ಆಗಲೇ.

ಸನ್ನೆ ಭಾಷೆಯ ದುಭಾಷಿ ಡೀ ಇನ್ನು ಮುಂದೆ ಸೋಮವಾರ, ಮಂಗಳವಾರ ಮಾತ್ರ ಕ್ಲಾಸಿಗೆ ಬರುತ್ತಾಳೆ. ಮಿಕ್ಕ ಮೂರು ದಿನ ಮೆರಿನ್ ಮೇಜಿನ ಮೇಲೆ ಒಂದು ಟ್ಯಾಬ್ಲೆಟ್. ಟೀಚರ್ ಆಡಿದ್ದನ್ನು ಅದು ಅಕ್ಷರ ಮಾಡಿ ತೋರಿಸುತ್ತದೆ. ‘ಪೋಷಕರು ಒಪ್ಪಿರುತ್ತಾರೆ.’ ಕೆಳಗೆ ನನ್ನ ಸಹಿ.

ಲೊರ್ನಾ ಆ ಸಾಲನ್ನು ಮತ್ತೊಮ್ಮೆ ಓದಿಸಿದಳು.

“ಓದದೇ ಸಹಿ ಹಾಕಿದ್ಯಾ?”

“ಮಕ್ಕಳು ಇಳೀತಾ ಇದ್ರು ಕಣೇ.”

“ವೆಸ್, ನಾನು ನಾಲ್ಕು ವರ್ಷ ಅವರ ಆಫೀಸಿಗೆ ಓಡಾಡಿ ಡೀಯನ್ನ ಐದು ದಿನ ಮಾಡಿಸಿದ್ದು. ನಾನು ಹೋಗಿ ಎರಡು ದಿನಕ್ಕೆ ನೀನು ಅದನ್ನ ಎರಡು ದಿನ ಮಾಡಿದ್ಯಲ್ಲೋ.”

ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ.

ಅಕ್ಟೋಬರ್ 30, ಮಂಗಳವಾರ

ಗ್ಲೆನಿಸ್‌ಳ ಆಫೀಸಿಗೆ ಹೋಗಿದ್ದೆ. ಹೋಗುವಾಗ ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಒಬ್ಬನೇ ಜೋರಾಗಿ ಹೇಳಿಕೊಂಡೆ. ಒಳಗೆ ಕೂತ ಮೇಲೆ ಅರ್ಧ ಮರೆತುಹೋಯಿತು.

“ದುಡ್ಡು ಕಡಿಮೆ ಮಾಡಿದಾರೆ ವೆಸ್, ನನ್ನ ಕೈಲಿಲ್ಲ. ಆದ್ರೆ ಮೆರಿನ್‌ಗೆ ತೊಂದ್ರೆ ಆಗೋ ಹಾಗಿದ್ರೆ ನಾನು ಒಪ್ತಾ ಇರಲಿಲ್ಲ. ಇದು ನೋಡು.”

ಕ್ಲಾಸ್ ಟೀಚರ್ ಬರೆದ ವರದಿ. ‘ಡೀ ಇಲ್ಲದ ದಿನಗಳಲ್ಲೂ ಮೆರಿನ್ ಗಮನವಿಟ್ಟು ನೋಡುತ್ತಾಳೆ. ಅರ್ಥವಾಯಿತೇ ಎಂದು ಕೇಳಿದರೆ ಪ್ರತಿ ಸಲವೂ ತಲೆಯಾಡಿಸುತ್ತಾಳೆ.’

“ಮಗು ಚುರುಕಾಗಿದೆ. ಹೊಂದ್ಕೊಳ್ತಾ ಇದೆ. ನೀನೇ ಸಹಿ ಹಾಕಿದ್ದೀಯಲ್ಲಪ್ಪ.”

ಎರಡು ಬಿಸ್ಕತ್ತು ತಿಂದು, ಥ್ಯಾಂಕ್ಸ್ ಹೇಳಿ ಬಂದೆ. ಹೊರಗೆ ಬಂದು ಬಸ್ಸಿನಲ್ಲಿ ಕೂತ ಮೇಲೆ, ಥ್ಯಾಂಕ್ಸ್ ಯಾತಕ್ಕೆ ಹೇಳಿದೆ ಎಂದು ಯೋಚಿಸಿದೆ.

ನವೆಂಬರ್ 1, ಗುರುವಾರ

ಇವತ್ತು ಮೆರಿನ್‌ಳ ವಿಜ್ಞಾನದ ಪುಸ್ತಕ ನೋಡಿದೆ. ಗುಂಡು ಗುಂಡಾದ ಅಕ್ಷರದಲ್ಲಿ ‘ಇಲಿಯ ಕೆಳಗೆ ಸಣ್ಣ ಸಣ್ಣ ಚಂದ್ರಗಳಿವೆ. ಇಲಿ ಅವುಗಳಿಂದ ಉಸಿರಾಡುತ್ತದೆ’ ಎಂದು ಬರೆದು, ಪಕ್ಕದಲ್ಲಿ ಚಿತ್ರ ಬೇರೆ ಬರೆದಿದ್ದಾಳೆ. ಉದ್ದ ಬಾಲದ ಇಲಿ, ಹೊಟ್ಟೆಯ ಕೆಳಗೆ ಹನ್ನೊಂದು ಪುಟ್ಟ ಚಂದ್ರ. ಒಂದಕ್ಕೆ ಮುಖವೂ ಇದೆ.

ಟೀಚರ್ ಹೇಳಿದ್ದು ಎಲೆಯ ಕೆಳಗಿನ ರಂಧ್ರದ ಬಗ್ಗೆ. ಟ್ಯಾಬ್ಲೆಟ್ ಕೇಳಿಸಿಕೊಂಡದ್ದು ಹೀಗೆ.

ನಗು ತಡೆಯಲಾಗಲಿಲ್ಲ. ಹೊರಗಿನಿಂದ ಒಂದು ಎಲೆ ಕಿತ್ತು ತಂದು, ಬರೆದು ತೋರಿಸಿದೆ. ಅವಳೂ ನಕ್ಕಳು. ಆಮೇಲೆ ರಬ್ಬರ್ ತೆಗೆದುಕೊಂಡು ಚಂದ್ರಗಳನ್ನು ಒಂದೊಂದಾಗಿ ಅಳಿಸುತ್ತ ಕೂತಳು. ಮುಖ ಇದ್ದ ಚಂದ್ರವನ್ನು ಬಿಟ್ಟುಬಿಡು ಎಂದು ಹೇಳಬೇಕು ಅನ್ನಿಸಿತು. ಕೈಯಲ್ಲಿ ಹೇಗೆ ಹೇಳುವುದೆಂದು ತಿಳಿಯಲಿಲ್ಲ.

ನವೆಂಬರ್ 7, ಬುಧವಾರ

ಮೆರಿನ್ ಸ್ಕೂಲಿನಿಂದ ಬಂದವಳೇ ಚೀಲ ಕೂಡ ಇಳಿಸದೆ ಏನೋ ಕೇಳಿದಳು. ಬ್ರೈಡಿಯ ಹೆಸರಿನ ಸನ್ನೆ ನನಗೆ ಗೊತ್ತು. ಕ್ಲಾಸಿನಲ್ಲಿ ಇವಳ ಪಕ್ಕ ಕೂರುವ ಹುಡುಗಿ, ಇವಳಿಂದಲೇ ಕೈಭಾಷೆ ಕಲಿತವಳು. ಈ ವಾರ ಬಸ್ಸಿಗೆ ಬಂದಿಲ್ಲ. ಬ್ರೈಡಿ, ಎಲ್ಲರೂ, ಕಾರ್ಡು, ಆಮೇಲೆ ಇನ್ನೇನೋ. ಹುಟ್ಟುಹಬ್ಬ ಇರಬೇಕು. ಮೂರು ಸಲ ಕೇಳಿದಳು. ನಗುತ್ತ, ಹೂಂ ಹೂಂ ಎಂದು ತಲೆಯಾಡಿಸಿದೆ.

ಇವತ್ತು ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈ ತಂದಿದ್ದೆ. ತಿನ್ನಲಿಲ್ಲ. ಬೇಗ ಮಲಗಿದಳು. ಜ್ವರ ಇದೆಯೇನೋ ಎಂದು ಹಣೆ ಮುಟ್ಟಿ ನೋಡಿದೆ, ಇರಲಿಲ್ಲ.

ನವೆಂಬರ್ 9, ಶುಕ್ರವಾರ

ಸ್ಕೂಲಿನಿಂದ ಚೀಟಿ. ಯಥಾವತ್ತಾಗಿ ಬರೆದಿಡುತ್ತೇನೆ: ‘ಬೇರೆ ಊರಿಗೆ ಹೋಗುತ್ತಿರುವ ಬ್ರೈಡಿ ಇಂದು ಮಧ್ಯಾಹ್ನ ಎಲ್ಲರಿಗೂ ವಿದಾಯ ಹೇಳಲು ಬಂದಿದ್ದಾಗ ಮೆರಿನ್ ಅವಳನ್ನು ತಳ್ಳಿ, ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡಳು. ಮನೆಯಲ್ಲಿ ತಿಳಿಹೇಳುವುದು.’

ಏನೆಂದು ತಿಳಿಹೇಳಲಿ? ನಾನು ಕೊಂಡಿದ್ದ ಹುಟ್ಟುಹಬ್ಬದ ಉಡುಗೊರೆ ಬಸ್ಸಿನಲ್ಲೇ ಇದೆ. ಮೆರಿನ್ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ಭುಜ ತಟ್ಟಿದರೆ ತಿರುಗುವುದಿಲ್ಲ. ತಿರುಗದಿದ್ದರೆ ಅವಳ ಜೊತೆ ಮಾತಾಡಲು ಬೇರೆ ದಾರಿಯೇ ಇಲ್ಲ.

ನವೆಂಬರ್ 12, ಸೋಮವಾರ

ಡೀ ಬಸ್ಸಿನ ಹತ್ತಿರ ಬಂದು ಎಲ್ಲ ಹೇಳಿದಳು. ಬೆಳಿಗ್ಗೆ ಮೆರಿನ್ ಅವಳ ಹತ್ತಿರ ಒಂದು ಗಂಟೆ ಮಾತಾಡಿದಳಂತೆ.

ಬುಧವಾರ ಟೀಚರ್ ಅಂಗಳದಲ್ಲಿ ಎಲ್ಲರಿಗೂ ಸುದ್ದಿ ಹೇಳಿದರು, ಬ್ರೈಡಿಯ ಅಪ್ಪನಿಗೆ ಬರ್ನಿಯಲ್ಲಿ ಕೆಲಸ ಸಿಕ್ಕಿದೆ, ಅವಳು ಹೋಗುತ್ತಿದ್ದಾಳೆ, ಕಾರ್ಡು ಮಾಡೋಣ ಎಂದು. ಟ್ಯಾಬ್ಲೆಟ್ ಕ್ಲಾಸಿನ ಒಳಗಿತ್ತು. ಮೆರಿನ್ ಕಂಡದ್ದು ಇಷ್ಟು: ಬ್ರೈಡಿ ಇಲ್ಲ, ಟೀಚರ್ ಮುಖ ಸಪ್ಪಗಿದೆ, ಒಬ್ಬಳು ಅಳುತ್ತಿದ್ದಾಳೆ, ಎಲ್ಲರೂ ಹೂವಿನ ಚಿತ್ರದ ಕಾರ್ಡಿನ ಮೇಲೆ ಬ್ರೈಡಿ ಹೆಸರು ಬರೆಯುತ್ತಿದ್ದಾರೆ. ಅಜ್ಜಿ ತೀರಿಕೊಂಡಾಗ ನಮ್ಮ ಮನೆಗೂ ಹೂವಿನ ಕಾರ್ಡು ಬಂದಿದ್ದವು.

ಮನೆಗೆ ಬಂದು ನನ್ನನ್ನು ಕೇಳಿದ್ದು: ‘ಬ್ರೈಡಿ ಸತ್ತುಹೋದಳಾ?’

ನಾನು ನಗುತ್ತ ಹೂಂ ಎಂದೆ. ಮೂರು ಸಲ.

ನವೆಂಬರ್ 13, ಮಂಗಳವಾರ

ಬಸ್ಸು ಓಡಿಸಿದೆ. ಮತ್ತೇನಿಲ್ಲ.

ನವೆಂಬರ್ 17, ಶನಿವಾರ

ನಾಡದೋಣಿ ಕಟ್ಟುವ ಆಲ್ವಿನ್ ಮುದುಕನ ಶೆಡ್ಡಿಗೆ ಬುಧವಾರದಿಂದ ಹೋಗುತ್ತಿದ್ದೇನೆ. ಎಪ್ಪತ್ತೆಂಟು ವರ್ಷ. ಅವನಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇಷ್ಟು ವರ್ಷ ದಿನಾ ಬಸ್ಸಿನಿಂದ ಕೈಬೀಸಿ ಮುಂದೆ ಹೋಗುತ್ತಿದ್ದೆ. ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದ ಪಾಳಿ ಶುರುವಾಗುವವರೆಗೆ ಬಸ್ಸು ಜೆಟ್ಟಿಯ ಹತ್ತಿರವೇ ನಿಂತಿರುತ್ತದೆ. ನಾನು ಕ್ರಾಸ್‌ವರ್ಡ್ ತುಂಬುತ್ತ ಕೂರುತ್ತಿದ್ದ ಹೊತ್ತು ಅದು.

ಮೊದಲ ದಿನ ‘ಕಲಿಸಿಕೊಡಿ’ ಎಂದು ಚೀಟಿ ಬರೆದು ಕೊಟ್ಟೆ. ಓದಿ, ಮರದ ತುಂಡೊಂದರ ಮೇಲೆ ಬಡಗಿ ಪೆನ್ಸಿಲಿನಲ್ಲಿ ಬರೆದ: ‘ಒಂಬತ್ತು ವರ್ಷ ತಡ. ಕೂತ್ಕೋ.’

ಮುದುಕನಿಗೆ ದಾಕ್ಷಿಣ್ಯವೇ ಇಲ್ಲ. ಎರಡನೆಯ ದಿನದ ಮರದ ತುಂಡು: ‘ಕೈ ಪರವಾಗಿಲ್ಲ. ಮುಖ ಬೀಗ ಹಾಕಿದ ಅಂಗಡಿ.’ ಮುಖ ಆಡದಿದ್ದರೆ ಅರ್ಧ ಮಾತು ಹೋದಂತೆಯೇ ಅಂತೆ. ಹುಬ್ಬು ಏರಿಸು, ಕೆನ್ನೆ ಉಬ್ಬಿಸು, ಕೋಪ ಬಂದರೆ ಕೋಪ ತೋರಿಸು. ನಲವತ್ತಾರು ವರ್ಷ ಯಾರಿಗೂ ಕಾಣದ ಹಾಗೆ ಇಟ್ಟುಕೊಂಡ ಮುಖ, ನೋಯುತ್ತದೆ.

ಇನ್ನೊಂದು. ಅರ್ಥವಾಗದೆ ನಾನು ತಲೆಯಾಡಿಸಿದಾಗಲೆಲ್ಲ ಮರದ ಸುತ್ತಿಗೆಯಿಂದ ಬೆಂಚಿಗೆ ಒಂದು ಕುಟ್ಟುತ್ತಾನೆ. ಅವನಿಗೆ ಸದ್ದು ಕೇಳದು, ನನಗೆ ಕೇಳಲಿ ಎಂದು. ಮೊದಲ ದಿನ ಇಪ್ಪತ್ತು ಸಲವಾದರೂ ಕುಟ್ಟಿದ. ಇವತ್ತು ನಾಲ್ಕು.

ಇವತ್ತು ಮೆರಿನ್‌ಳನ್ನೂ ಕರೆದುಕೊಂಡು ಹೋಗಿದ್ದೆ. ಇಬ್ಬರೂ ಸೇರಿಕೊಂಡು ನನ್ನ ಬಗ್ಗೆ ಏನೋ ಹೇಳಿಕೊಂಡು ನಕ್ಕರು. ಇನ್ನೊಂದು ಸಲ ಹೇಳು ಎಂದೆ. ಮೆರಿನ್ ಹೇಳಿದಳು: ‘ಅಪ್ಪ ಕೈಯಲ್ಲಿ ಮಾತಾಡೋದು ನೋಡಿದ್ರೆ ಹಿಟ್ಟು ನಾದಿದ ಹಾಗಿದೆ.’

ಅರ್ಥವಾಯಿತು. ಪೂರ್ತಿ.

ನವೆಂಬರ್ 21, ಬುಧವಾರ

ಸಹಿ ವಾಪಸು ತೆಗೆದುಕೊಳ್ಳುತ್ತೇನೆ, ಐದು ದಿನವೂ ದುಭಾಷಿ ಬೇಕು ಎಂದು ಕಾಗದ ಬರೆದೆ. ನಾಲ್ಕು ಸಲ ಹರಿದು ಐದನೆಯದನ್ನು ಕೊಟ್ಟೆ. ಒಂದು ಪ್ರತಿ ಲಾನ್ಸೆಸ್ಟನ್‌ನಲ್ಲಿರುವ ಶಿಕ್ಷಣ ಇಲಾಖೆಯ ವಲಯ ಕಚೇರಿಗೂ ಹಾಕಿದೆ. ಲೊರ್ನಾ ಮೊದಲೇ ಹೇಳಿದ್ದಳು, ಮೇಲಿನವರಿಗೂ ಹಾಕದಿದ್ದರೆ ಕಾಗದ ಡ್ರಾಯರಿನಲ್ಲೇ ಮುದಿಯಾಗುತ್ತದೆ ಎಂದು.

ಗ್ಲೆನಿಸ್ ಓದುವಾಗ ಅವಳ ಕತ್ತು ಕೆಂಪಾಯಿತು.

“ಮೇಲಿನವರಿಗೂ ಕಳಿಸಿದ್ಯಾ? ಮೊದಲು ನನ್ನ ಹತ್ರ ಬಂದು ಕೂತು ಮಾತಾಡ್ಬಹುದಿತ್ತು ವೆಸ್.”

“ಬಂದಿದ್ನಲ್ಲ. ಬಿಸ್ಕತ್ತು ತಿಂದೆ.”

ವ್ಯಂಗ್ಯಕ್ಕೆ ಹೇಳಿದ್ದಲ್ಲ, ಬಾಯಿಗೆ ಬಂತು. ಆದರೆ ಅವಳಿಗೆ ನಾಟಿತು.

ನವೆಂಬರ್ 24, ಶನಿವಾರ

ಊರಿಗೆಲ್ಲ ಗೊತ್ತಾಗಿದೆ. ಪೆಟ್ರೋಲ್ ಬಂಕಿನಲ್ಲಿ ಕೇಳಿದರು, “ಏನ್ ವೆಸ್, ಗ್ಲೆನಿಸ್ ಮೇಲೆ ದೂರು ಕೊಟ್ಯಂತೆ? ನಿಮ್ಮಮ್ಮ ಕಾಯಿಲೆ ಬಿದ್ದಾಗ ದಿನಾ ಸೂಪ್ ತಂದ್ಕೊಟ್ಟವಳಲ್ವಾ ಅವಳು?” ಹೌದು. ಆರು ವಾರ ತಂದುಕೊಟ್ಟಳು. ಅದೇ ಕಷ್ಟ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಹಗುರವಾಗಿರುತ್ತಿತ್ತು.

ಬೆಳಿಗ್ಗೆ ಬಸ್ಸು ಬಂದಾಗ ಗೇಟಿನಲ್ಲಿ ನಿಂತು ಕೈಬೀಸುತ್ತಿದ್ದವಳು ಈ ವಾರ ಬೀಸಿಲ್ಲ. ಅದು ಇಷ್ಟು ಚುಚ್ಚುತ್ತದೆಂದು ಗೊತ್ತಿರಲಿಲ್ಲ.

ನವೆಂಬರ್ 26, ಸೋಮವಾರ

ಮೆರಿನ್‌ಳ ಕ್ಷಮೆ ಕೇಳಿದೆ.

ವಾರದಿಂದ ಆಲ್ವಿನ್ ಮುಂದೆ ಅಭ್ಯಾಸ ಮಾಡಿದ್ದೆ. ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಾಗ ಹೇಳಿದೆ, ‘ಬ್ರೈಡಿ ಬಗ್ಗೆ ನೀನು ಕೇಳಿದ್ದು ನನಗೆ ಅರ್ಥ ಆಗಿರಲಿಲ್ಲ. ಅರ್ಥ ಆಗದೇ ಹೂಂ ಅಂದೆ. ತಪ್ಪು ನನ್ನದು.’ ನಡುವೆ ಎರಡು ಸಲ ತಪ್ಪಿ ಮೊದಲಿನಿಂದ ಶುರು ಮಾಡಬೇಕಾಯಿತು. ಅವಳು ಸುಮ್ಮನೆ ಕಾದಳು.

“ನೀನು ನಕ್ಕೆ,” ಎಂದಳು ಕೈಯಲ್ಲಿ. “ಬ್ರೈಡಿ ಸತ್ರೆ ಅಪ್ಪ ಯಾಕೆ ನಗ್ತಾನೆ ಅಂತ ಎರಡು ದಿನ ಯೋಚನೆ ಮಾಡ್ದೆ. ಬ್ರೈಡಿ ಬಾಗಿಲಲ್ಲಿ ನಿಂತಿದ್ದಾಗ ಭಯ ಆಯ್ತು. ಅದಕ್ಕೇ ತಳ್ಳಿದೆ.”

ಅವಳ ಬೂಟಿನ ದಾರ ಬಿಚ್ಚಿತ್ತು, ಕಟ್ಟಿದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಮೊಣಕೈ ಹಿಡಿದು ತಿರುಗಿಸಿ, ನಾನು ‘ತಪ್ಪು’ ಎಂದದ್ದರಲ್ಲಿ ಬೆರಳು ಸರಿಯಿರಲಿಲ್ಲ ಎಂದು ತಿದ್ದಿಕೊಟ್ಟಳು.

ಡಿಸೆಂಬರ್ 5, ಬುಧವಾರ

ಇವತ್ತು ಮೀಟಿಂಗ್. ಎಲ್ಲವನ್ನೂ ಬರೆಯಬೇಕು.

ಗ್ಲೆನಿಸ್, ಕ್ಲಾಸ್ ಟೀಚರ್, ವಲಯ ಕಚೇರಿಯಿಂದ ಏಡ್ರಿಯನ್ ಎಂಬ ಅಧಿಕಾರಿ, ಮೆರಿನ್, ನಾನು. ಲೊರ್ನಾ ಅಂಟಾರ್ಟಿಕಾದಿಂದ ಫೋನಿನಲ್ಲಿ. ಬುಧವಾರವಾದ್ದರಿಂದ ಡೀಯನ್ನು ಕರೆಸಿರಲಿಲ್ಲ. ಮೆರಿನ್ ಮುಂದೆ ಟ್ಯಾಬ್ಲೆಟ್ ಇಟ್ಟಿದ್ದರು.

ಮಾತೆಲ್ಲ ಲೊರ್ನಾ ಆಡುತ್ತಾಳೆ, ನಾನು ಪಕ್ಕದಲ್ಲಿದ್ದರೆ ಸಾಕು ಎಂದುಕೊಂಡಿದ್ದೆ. ಅವಳು “ಎಲ್ಲರಿಗೂ ನಮಸ್ಕಾರ, ಮೊದಲನೇ ವಿಷಯ” ಎನ್ನುವಷ್ಟರಲ್ಲಿ ಲೈನು ಕತ್ತರಿಸಿತು. ಮತ್ತೆ ಮತ್ತೆ ಪ್ರಯತ್ನಿಸಿದರು. ಬರಲೇ ಇಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ಗ್ಲೆನಿಸ್ ವರದಿ ಓದಿದಳು. ತಲೆಯಾಡಿಸುತ್ತಾಳೆ ಎನ್ನುವ ಸಾಲನ್ನೂ ಓದಿದಳು. ಏಡ್ರಿಯನ್ ಒಳ್ಳೆಯ ಮಾತಿನ ಮನುಷ್ಯ. ಮೆರಿನ್ ಕಡೆ ಬಾಗಿ, “ಹೇಗಿದೆ ಪುಟ್ಟಿ, ಟ್ಯಾಬ್ಲೆಟ್ ಇಷ್ಟ ಆಯ್ತಾ?” ಎಂದ. ಅವಳು ಪರದೆ ನೋಡಿ ತಲೆಯಾಡಿಸಿದಳು.

“ನೋಡಿ,” ಎಂದ ನನಗೆ.

ನಾನು ಮೆರಿನ್‌ಳನ್ನು ಕೈಯಲ್ಲಿ ಕೇಳಿದೆ, ‘ಅವರು ಏನು ಕೇಳಿದ್ರು?’

‘ಟೇಬಲ್ ಇಷ್ಟ ಆಯ್ತಾ ಅಂತ. ಯಾಕೆ ಕೇಳಿದ್ರು ಗೊತ್ತಾಗ್ಲಿಲ್ಲ. ಟೇಬಲ್ ಚೆನ್ನಾಗೇ ಇದೆ.’

ಅದನ್ನು ಬಾಯಲ್ಲಿ ಹೇಳಿದೆ. ಟೀಚರ್ ನಗು ನುಂಗಿಕೊಂಡರು. ಏಡ್ರಿಯನ್ ಪರದೆಯನ್ನು ತನ್ನ ಕಡೆ ತಿರುಗಿಸಿ ನೋಡಿದ. “ಸರಿ. ಆದ್ರೆ ವಿಚಿತ್ರ ಅನ್ನಿಸಿದಾಗ ಅವಳೂ ಕೇಳ್ಬೇಕಲ್ವಾ? ತಲೆ ಯಾಕೆ ಆಡಿಸ್ತಾಳೆ?”

ಕೇಳಿದೆ. ಮೆರಿನ್ ನನ್ನ ಮುಖ ನೋಡಿದಳು. ಹೇಳಲೇ ಎನ್ನುವ ಹಾಗೆ. ಹೇಳು ಎಂದೆ.

ದುಭಾಷಿ ಕೆಲಸದಲ್ಲಿ, ಮಗು ‘ನಾನು’ ಎಂದರೆ ಬಾಯಲ್ಲೂ ‘ನಾನು’ ಎಂದೇ ಬರಬೇಕು, ಸ್ವಂತದ್ದು ಸೇರಿಸಬಾರದು, ಬಿಡಬಾರದು ಎಂದು ಡೀ ಹೇಳುತ್ತಿರುತ್ತಾಳೆ. ಹಾಗಾಗಿ ಅವಳ ಕೈ ಹೇಳಿದ್ದನ್ನು ನನ್ನ ಬಾಯಿ ಹೀಗೆ ಹೇಳಿತು:

“ನಾನು ಮನೇಲಿ ಏನಾದ್ರೂ ಹೇಳಿದ್ರೆ ಅಪ್ಪ ತಲೆ ಆಡಿಸ್ತಾನೆ. ಅಪ್ಪಂಗೆ ಅರ್ಥ ಆಗಿರಲ್ಲ. ನಂಗೆ ಬೇಜಾರಾಗದೇ ಇರ್ಲಿ ಅಂತ ಆಡಿಸ್ತಾನೆ. ನಾನು ಅದನ್ನ ಅಪ್ಪನಿಂದ ಕಲಿತೆ. ಟೀಚರ್‌ಗೆ ಬೇಜಾರಾಗದೇ ಇರ್ಲಿ ಅಂತ ನಾನೂ ಆಡಿಸ್ತೀನಿ. ತಲೆ ಆಡಿಸಿದ್ರೆ ಅವರು ನಗ್ತಾರೆ, ಆಮೇಲೆ ಬೇರೆಯವರ ಹತ್ರ ಹೋಗ್ತಾರೆ. ಬ್ರೈಡಿ ಸತ್ತುಹೋದಳಾ ಅಂತ ಕೇಳಿದಾಗ್ಲೂ ಅಪ್ಪ ತಲೆ ಆಡಿಸ್ದ. ನಾನು ಎರಡು ದಿನ ನಂಬಿದ್ದೆ. ಡೀ ಇದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು.”

ಒಂದು ಮಾತೂ ಬಿಡಲಿಲ್ಲ. ‘ಅಪ್ಪಂಗೆ ಅರ್ಥ ಆಗಿರಲ್ಲ’ ಎನ್ನುವಲ್ಲಿ ನಾನು ಹಿಂದೆ ಬಿದ್ದೆ. ಮೆರಿನ್ ಕೈ ನಿಲ್ಲಿಸಿ ನಾನು ಸುಧಾರಿಸಿಕೊಳ್ಳುವವರೆಗೂ ಕಾದಳು, ಡೀಗೆ ಕಾಯುವ ಹಾಗೆ.

ಮುಗಿದ ಮೇಲೆ ಕೊನೆಗೊಂದು ಸೇರಿಸಿದಳು. ಅದನ್ನೂ ಹೇಳಬೇಕಾಯಿತು: “ಈಗ ಅಪ್ಪ ತಲೆ ಆಡಿಸೋದು ಬಿಟ್ಟಿದ್ದಾನೆ. ಎಲ್ಲದಕ್ಕೂ ಇನ್ನೊಂದ್ಸಲ ಹೇಳು ಅಂತಾನೆ. ತಲೆ ತಿಂತಾನೆ.”

ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಗ್ಲೆನಿಸ್ ತನ್ನ ಕೈಯಲ್ಲಿದ್ದ ವರದಿಯನ್ನು ನಿಧಾನಕ್ಕೆ ಕವುಚಿ ಹಾಕಿದಳು. ಏಡ್ರಿಯನ್ ಇದನ್ನು ಮತ್ತೆ ಪರಿಶೀಲಿಸುತ್ತೇವೆ ಎಂದ.

“ಯಾವತ್ತು?” ಎಂದೆ. “ತಾರೀಖು ಹೇಳಿ, ನಾನು ಬರ್ಕೊಳ್ತೀನಿ.”

ಶುಕ್ರವಾರದೊಳಗೆ ಎಂದ. ಬರೆದುಕೊಂಡೆ.

ಡಿಸೆಂಬರ್ 6, ಗುರುವಾರ

ಬೆಳಿಗ್ಗೆ ಗ್ಲೆನಿಸ್ ಬಸ್ಸಿನೊಳಗೆ ಹತ್ತಿ ಬಂದಳು. ಮಕ್ಕಳೆಲ್ಲ ಇಳಿದು ಹೋಗಿದ್ದರು. ಮೊದಲ ಸೀಟಿನಲ್ಲಿ ಕೂತಳು.

“ಆಗಸ್ಟಲ್ಲಿ ಮೇಲಿನವರು ನಮ್ಮನ್ನೆಲ್ಲ ಕೂರಿಸ್ಕೊಂಡು ಕಡಿತದ ಪಟ್ಟಿ ಓದಿದ್ರು. ಹದಿನಾಲ್ಕು ಪ್ರಿನ್ಸಿಪಾಲರು ಇದ್ವಿ. ಯಾರಿಗಾದ್ರೂ ಆಕ್ಷೇಪ ಇದ್ಯಾ ಅಂದ್ರು. ಒಬ್ಬರೂ ಮಾತಾಡ್ಲಿಲ್ಲ. ನಾನೂ ತಲೆ ಆಡಿಸಿ ಬಂದೆ ವೆಸ್. ನಿನ್ನೆ ಆ ಮಗು ಹೇಳ್ತಿದ್ದಾಗ ನಂಗೆ ಅದೇ ನೆನಪಾಗ್ತಿತ್ತು.”

ಬೆಳಿಗ್ಗೆಯೇ ಏಡ್ರಿಯನ್‌ಗೆ ಫೋನ್ ಮಾಡಿದ್ದಾಳೆ. ಸೋಮವಾರದಿಂದ ಡೀ ನಾಲ್ಕು ದಿನ. ಬುಧವಾರದ್ದು ಫೆಬ್ರವರಿಯಲ್ಲಿ ತೀರ್ಮಾನ. ಸ್ಕೂಲಿನ ಬೇರೆ ಯಾವುದಾದರೂ ಖರ್ಚಿನಿಂದ ತೆಗೆದಾದರೂ ಆ ದಿನವನ್ನು ತುಂಬಿಸಲು ನೋಡುತ್ತೇನೆ ಎಂದಳು. ಹೊಸ ಕಾಗದ ಮುಂದಿಟ್ಟಳು.

ಓದಿದೆ. ಎರಡು ಪುಟ. ಅವಳು ಗಡಿಯಾರ ನೋಡಿಕೊಂಡಳು, ನಾನು ಓದುತ್ತಲೇ ಇದ್ದೆ. ಕೆಳಗೆ ‘ಬುಧವಾರದ ವಿಷಯ ಬಿಟ್ಟು ಒಪ್ಪಿಗೆ’ ಎಂದು ಬರೆದು ಸಹಿ ಹಾಕಿದೆ.

“ಲೊರ್ನಾಗಿಂತ ನೀನೇ ವಾಸಿ ಅಂದ್ಕೊಂಡಿದ್ದೆ,” ಎಂದಳು ಗ್ಲೆನಿಸ್, ಇಳಿಯುತ್ತ. ಮೆಟ್ಟಿಲ ಮೇಲೆ ನಿಂತು ಕೇಳಿದಳು, “ಆಲ್ವಿನ್ ಶೆಡ್ಡಲ್ಲಿ ಇನ್ನೊಂದು ಸ್ಟೂಲು ಇದ್ಯಾ?”

“ಇದೆ. ಬೈಗುಳ ಜಾಸ್ತಿ.”

“ಅಭ್ಯಾಸ ಆಗಿದೆ ಬಿಡು, ಈ ಎರಡು ವಾರದಲ್ಲಿ.”

ಡಿಸೆಂಬರ್ 11, ಮಂಗಳವಾರ

ಮೀಟಿಂಗಿನಲ್ಲಿ ನಾನು ದುಭಾಷಿಯಾದ ಸುದ್ದಿ ಕೇಳಿ ಡೀಗೆ ಸಂತೋಷವಾಗುತ್ತದೆಂದುಕೊಂಡಿದ್ದೆ. ಬೈದಳು. “ಮಗು ಅಪ್ಪನ ಮೇಲಿನ ದೂರನ್ನ ಅಪ್ಪನ ಬಾಯಲ್ಲೇ ಹೇಳಿಸ್ಬೇಕಾ? ಇನ್ಮೇಲೆ ಮೀಟಿಂಗ್ ಇದ್ರೆ ನನ್ನ ಕರೆಸಿ ಅಂತ ಕೂತ್ಬಿಡಿ. ನೀವು ಅಪ್ಪ. ಅಪ್ಪನ ಕೆಲಸ ಮಾಡಿ.” ಅವಳು ಹೇಳಿದ್ದು ಸರಿ. ಗ್ಲೆನಿಸ್‌ಗೂ ತಿಳಿಸಿದೆ, ಅವಳೂ ಬರೆದುಕೊಂಡಳು.

ಗ್ಲೆನಿಸ್‌ಗೆ ಆಲ್ವಿನ್ ಕೊಟ್ಟ ಮೊದಲ ಮರದ ತುಂಡು: ‘ಪ್ರಿನ್ಸಿಪಾಲ್. ಗಲಾಟೆ ಮಾಡಬೇಡ, ತುಟಿ ಮುಚ್ಚು.’ ಕೈ ಆಡಿಸುವಾಗ ಬಾಯಲ್ಲೂ ಗಟ್ಟಿಯಾಗಿ ಹೇಳುತ್ತಾಳೆ. ಅವನಿಗೆ ಅದು ಹೇಗೆ ಗೊತ್ತಾಯಿತೋ.

ಡಿಸೆಂಬರ್ 23, ಭಾನುವಾರ

ನಿನ್ನೆ ಬರ್ನಿಗೆ, ಬ್ರೈಡಿಯ ಮನೆಗೆ ಹೋಗಿ ಬಂದೆವು. ಬಸ್ಸಿನಲ್ಲೇ ಉಳಿದಿದ್ದ ಉಡುಗೊರೆಯನ್ನು ಅವಳ ಕೈಗಿಟ್ಟು ಮೆರಿನ್ ಏನೋ ಉದ್ದಕ್ಕೆ ಹೇಳಿದಳು, ನಾನು ತಲೆಯಾಡಿಸದೆ ‘ಇನ್ನೊಂದು ಸಲ ಹೇಳು’ ಎಂದೆ.